ಆಷಾಢದ ಗೋಲು

ಕೇಳುಗರಿಗೆ ನಮಸ್ಕಾರ.

ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ನಾಲ್ಕು ಜನ ಸೇರಿದರೆ ಬರುವ ಮಾತು ಒಂದೇ, ತುಂಗೆಯಲ್ಲಿ ಮಂಟಪ ಮುಳುಗಿತಾ ಅಂತ. ನನ್ನ ಮನೆ ತೀರ್ಥಹಳ್ಳಿ ಕಡೆ. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಜುಲೈ ತಿಂಗಳಲ್ಲಿ ಫೋನ್ ಮಾಡಿದರೆ ಮಳೆ ಸುದ್ದಿ ಕೇಳುವುದಿಲ್ಲ. "ಅಣ್ಣಯ್ಯ, ಟೀಮ್ ಆಯ್ತಾ?" ಅನ್ನುತ್ತಾನೆ.

ಇದು ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗಿನ ಫ್ಯಾಂಟಸಿ ಆಟ. ಕೈಯಿಂದ ದುಡ್ಡು ಹಾಕುವ ಆಟವಲ್ಲ, ಪುಕ್ಕಟೆ. ಲೆಕ್ಕಕ್ಕೆ ಮಾತ್ರ 100 ಮಿಲಿಯನ್ ಪೌಂಡು ಕೊಡುತ್ತಾರೆ. ಅದರಲ್ಲಿ 15 ಜನರನ್ನು ಕೊಳ್ಳಬೇಕು, ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಜಾಸ್ತಿ ಆಗಬಾರದು. ಅವರು ಅಲ್ಲಿ ನಿಜವಾಗಿ ಆಡಿದ್ದಕ್ಕೆ ನಮಗೆ ಇಲ್ಲಿ ಅಂಕ. ನಮ್ಮ ಕುಟುಂಬದಲ್ಲಿ ಒಂಬತ್ತು ಜನ ಆಡುತ್ತೇವೆ. ವರ್ಷದ ಕೊನೆಗೆ ಕೆಳಗೆ ಬಿದ್ದವರು ಎಲ್ಲರಿಗೂ ಕಡುಬು ಮಾಡಿ ಬಡಿಸಬೇಕು. ಒಂದು ವರ್ಷ ನಾನು ಬಡಿಸಿದ್ದೇನೆ. ಆ ಕಥೆಯನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದು.

ಲೀಗ್ ಶುರುವಾಗುವುದು ಆಗಸ್ಟಿನಲ್ಲಿ. ಅದಕ್ಕೆ ಮೊದಲು ಕ್ಲಬ್ಬುಗಳು ಅಮೆರಿಕಕ್ಕೋ ಏಷ್ಯಾಕ್ಕೋ ಹೋಗಿ ಫ್ರೆಂಡ್ಲಿ, ಅಂದರೆ ಲೀಗಿನ ಲೆಕ್ಕಕ್ಕೆ ಬಾರದ ಪಂದ್ಯ ಆಡುತ್ತವೆ. ಟೀಮ್ ಕಟ್ಟುವವರಿಗೆ ಹೊಸದಾಗಿ ಕಣ್ಣಿಗೆ ಬೀಳುವುದು ಅದೊಂದೇ. ಅದನ್ನು ನಂಬಬಹುದಾ?

2022ರ ಜುಲೈ 21. ಲಿವರ್‌ಪೂಲ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಒಂದು ಫ್ರೆಂಡ್ಲಿ ಆಡಿತು. ಹೊಸದಾಗಿ ಬಂದ ಡಾರ್ವಿನ್ ನುನೆಜ್ ಅರ್ಧ ಆಟ ಮುಗಿದ ಮೇಲೆ ಇಳಿದ. ನಾಲ್ಕು ಗೋಲು ಹೊಡೆದ. ಒಂಬತ್ತು ದಿನ ಬಿಟ್ಟು ಕಮ್ಯುನಿಟಿ ಶೀಲ್ಡ್, ಲೀಗಿಗೆ ಮೊದಲು ಆಡುವ ಒಂದೇ ಒಂದು ಪಂದ್ಯ. ಅದಕ್ಕೆ ಕಪ್ಪು ಕೊಡುತ್ತಾರೆ ನಿಜ, ಆದರೂ ನನ್ನ ಪ್ರಕಾರ ಅದು ಅರ್ಧ ಫ್ರೆಂಡ್ಲಿಯೇ. ಅಲ್ಲೂ ನುನೆಜ್ ಗೋಲು ಹೊಡೆದ. ಅದೇ ಪಂದ್ಯದ ಕೊನೆಯಲ್ಲಿ ಮ್ಯಾಂಚೆಸ್ಟರ್ ಸಿಟಿಯ ಹೊಸ ಹುಡುಗ ಎರ್ಲಿಂಗ್ ಹಾಲಂಡ್ ಎದುರು ಗೋಲು ಬಾಯಿ ತೆರೆದು ನಿಂತಿತ್ತು. ಅವನು ಒದ್ದ ಚೆಂಡು ಮೇಲಿನ ಕಂಬಕ್ಕೆ ಬಡಿಯಿತು. ಊರೆಲ್ಲ ನಕ್ಕಿತು. ನಾನೂ ನಕ್ಕೆ.

ಫ್ಯಾಂಟಸಿಯಲ್ಲಿ ಹಾಲಂಡ್ ಬೆಲೆ ಹನ್ನೊಂದೂವರೆ ಮಿಲಿಯನ್, ನುನೆಜ್ ಒಂಬತ್ತು. ಎರಡೂವರೆ ಉಳೀತಲ್ಲ ಅಂತ ನುನೆಜ್‌ನನ್ನು ತಗೊಂಡೆ. ಮೊದಲ ವಾರ ಅವನು ಗೋಲನ್ನೂ ಹೊಡೆದ. ಅದರ ಮಾರನೇ ದಿನ ಹಾಲಂಡ್ ಎರಡು ಹೊಡೆದ, ಇರಲಿ ಅಂದುಕೊಂಡೆ. ಎರಡನೇ ವಾರ ಕ್ರಿಸ್ಟಲ್ ಪ್ಯಾಲೇಸ್ ಆಟಗಾರನಿಗೆ ನುನೆಜ್ ತಲೆಯಿಂದ ಗುದ್ದಿ ಕೆಂಪು ಕಾರ್ಡ್ ತಗೊಂಡ. ಮೂರು ಪಂದ್ಯ ಹೊರಗೆ. ಆಗಲಾದರೂ ಅವನನ್ನು ಮಾರಿ ಹಾಲಂಡ್‌ನನ್ನು ತರಬಹುದಿತ್ತು. ಆದರೆ ಅದಕ್ಕೆ ಇನ್ನೊಬ್ಬನನ್ನೂ ಮಾರಬೇಕು, ಎರಡನೇ ಬದಲಾವಣೆಗೆ 4 ಅಂಕ ದಂಡ. ನಾಲ್ಕು ಅಂಕಕ್ಕೆ ಜಿಪುಣತನ ಮಾಡಿದೆ.

ಆಗಸ್ಟ್ 27ರಂದು ಲಿವರ್‌ಪೂಲ್ ಬೋರ್ನ್‌ಮತ್ ಮೇಲೆ 9 ಗೋಲು ಹೊಡೆಯಿತು. ನನ್ನವನು ಮನೆಯಲ್ಲಿ ಕೂತಿದ್ದ. ಅದೇ ದಿನ ಹಾಲಂಡ್ ಹ್ಯಾಟ್ರಿಕ್, ಒಂದೇ ಪಂದ್ಯದಲ್ಲಿ ಮೂರು ಗೋಲು. ನಾಲ್ಕು ದಿನ ಬಿಟ್ಟು ಗಣೇಶ ಚೌತಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್ ತೆಗೆದೆ, ಹಾಲಂಡ್ ಇನ್ನೊಂದು ಹ್ಯಾಟ್ರಿಕ್. ಬೆಂಗಳೂರಿನಿಂದ ಮೆಸೇಜ್ ಬಂತು: "ಅಣ್ಣಯ್ಯ, ಕಡುಬಿಗೆ ಅಕ್ಕಿ ನೆನೆಹಾಕು." ಆ ಸೀಸನ್ ಮುಗಿದಾಗ ಲೀಗಿನಲ್ಲಿ ಹಾಲಂಡ್ 36 ಗೋಲು, ನುನೆಜ್ 9.

ಸಿಟ್ಟು ಇಳಿದ ಮೇಲೆ ಯೋಚನೆ ಮಾಡಿದೆ. ನಾಲ್ಕು ಗೋಲು ಸುಳ್ಳೇನಲ್ಲ, ಹೊಡೆದಿದ್ದು ಹೌದು. ಆದರೆ ಅಂಥ ಪಂದ್ಯದಲ್ಲಿ ಅರ್ಧಕ್ಕೇ ಹನ್ನೊಂದು ಜನವನ್ನೂ ಬದಲಾಯಿಸುತ್ತಾರೆ. ಬೆಳಿಗ್ಗೆ ಓಡಿಸಿ ಸುಸ್ತು ಮಾಡಿಸಿ ಸಂಜೆ ಆಡಿಸುವುದೂ ಇದೆ. ಎದುರಿನ ತಂಡಕ್ಕೆ ಗೆಲ್ಲಲೇಬೇಕೆಂಬ ಹಟ ಇರುವುದಿಲ್ಲ, ಕಾಲು ಉಳಿಸಿಕೊಂಡರೆ ಸಾಕು. ಅಲ್ಲಿ ಬಿದ್ದ ಗೋಲು ಆಷಾಢದಲ್ಲಿ ನೋಡಿದ ಹೆಣ್ಣಿನ ಹಾಗೆ, ಮಾತುಕತೆ ಇನ್ನೂ ಬಾಕಿ ಇರುತ್ತದೆ.

ಅಡಿಕೆಗೆ ಔಷಧಿ ಹೊಡೆಸುವ ದಿನ ಇದು ನನಗೆ ಇನ್ನೂ ಸರಿಯಾಗಿ ತಿಳಿಯಿತು. ಆ ಔಷಧಿ, ಬೋರ್ಡೋ ದ್ರಾವಣ, ಮಾಡುವುದು ನಿಮಗೆ ಗೊತ್ತೇ ಇದೆ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಅಪ್ಪಯ್ಯ ಉಜ್ಜಿದ ಕಬ್ಬಿಣದ ಚೂರಿಯನ್ನು ಡ್ರಮ್ಮಿಗೆ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಚೂರಿಗೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕು ಅಂತ. ಕೂರದಿದ್ದರೆ ದೋಟಿ ಎತ್ತು. ಆ ಚೂರಿ ಹೇಳುವುದು ಡ್ರಮ್ಮಿನ ಒಳಗಿನ ಸುದ್ದಿ ಮಾತ್ರ. ಈ ವರ್ಷ ಕೊಳೆ ರೋಗ ಬರುತ್ತದಾ, ಎಷ್ಟು ಮೂಟೆ ಅಡಿಕೆ ಅಂತ ಅಪ್ಪಯ್ಯ ಅದನ್ನು ಕೇಳಿದ್ದೇ ಇಲ್ಲ. ನಾನು ಕೇಳಿದ್ದು ಅಂಥದ್ದನ್ನೇ.

ಹಾಗಾಗಿ ಈಗ ಫ್ರೆಂಡ್ಲಿ ನೋಡುವ ಕ್ರಮ ಬದಲಾಗಿದೆ. ಮೊದಲನೇ ಎರಡನೇ ಪಂದ್ಯವನ್ನು ಸುಮ್ನೆ ಬಿಟ್ಟುಬಿಡುತ್ತೇನೆ. ಲೀಗಿಗೆ ಒಂದು ವಾರ ಇದ್ದಾಗ ಆಡುವ ಕೊನೇ ಪಂದ್ಯ ನೋಡುತ್ತೇನೆ. ಅದರಲ್ಲಿ ಮೊದಲಿಗೇ ಇಳಿದ ಹನ್ನೊಂದು ಜನ ಯಾರು, ಯಾರು 60 ನಿಮಿಷ ದಾಟಿದರು ಅಂತ ಬರೆದಿಟ್ಟುಕೊಳ್ಳುತ್ತೇನೆ. ಫ್ಯಾಂಟಸಿಯಲ್ಲಿ 60 ನಿಮಿಷ ಆಡಿದವನಿಗೆ 2 ಅಂಕ, ಅದಕ್ಕಿಂತ ಕಡಿಮೆ ಆದರೆ 1. ಕಾಲು ನೋವು ಅಂತ ಬೆಂಚಿನಲ್ಲಿ ಕೂತವನೂ, ದೇಶದ ತಂಡಕ್ಕೆ ಆಡಿ ತಡವಾಗಿ ರಜೆಯಿಂದ ಬಂದವನೂ ಅಲ್ಲೇ ಗೊತ್ತಾಗುತ್ತಾರೆ.

ಆಮೇಲೆ ಯಾರು ಎಲ್ಲಿ ನಿಲ್ಲುತ್ತಾರೆ ಅನ್ನುವುದು. ಇದೇ ನನಗೆ ಬಹಳ ಇಷ್ಟ. 2019ರಲ್ಲಿ ಶೆಫೀಲ್ಡ್ ಯುನೈಟೆಡ್ ಮೇಲಿನ ಲೀಗಿಗೆ ಬಂತು. ಅದರ ಜಾನ್ ಲುಂಡ್‌ಸ್ಟ್ರಮ್ ಅನ್ನುವವನನ್ನು ಫ್ಯಾಂಟಸಿಯವರು ಡಿಫೆಂಡರ್, ಅಂದರೆ ಹಿಂದೆ ನಿಂತು ತಡೆಯುವವನು ಅಂತ ಬರೆದುಕೊಂಡು ಬರೀ 4 ಮಿಲಿಯನ್ ಬೆಲೆ ಕಟ್ಟಿದ್ದರು. ಅವನು ಆಡಿದ್ದು ಮಧ್ಯದಲ್ಲಿ. ಡಿಫೆಂಡರ್ ಗೋಲು ಹೊಡೆದರೆ 6 ಅಂಕ, ತಂಡ ಗೋಲು ಬಿಟ್ಟುಕೊಡದಿದ್ದರೆ ಮೇಲೆ ಇನ್ನೂ 4. ಅವನು ಐದು ಗೋಲು ಹೊಡೆದ. ಅಂಥವನು ಸಿಕ್ಕಿದರೆ ಆ ವರ್ಷ ಕಡುಬು ತಿನ್ನುವ ಸಾಲಿನಲ್ಲಿ ಕೂತ ಹಾಗೆ. ಪಟ್ಟಿಯಲ್ಲಿ ಒಂದು ಜಾಗ, ಮೈದಾನದಲ್ಲಿ ಇನ್ನೊಂದು ಜಾಗ, ಈ ವ್ಯತ್ಯಾಸ ಹಿಡಿಯಲು ಫ್ರೆಂಡ್ಲಿಯೇ ಬೇಕು.

ಇನ್ನು ಪೆನಾಲ್ಟಿ, ಕಾರ್ನರ್. ಚೆಂಡು ಇಡುವವನು ಯಾರು ಅಂತ ನೋಡಿದರೆ ಸಾಕು, ಅದು ಒಳಗೆ ಹೋಯಿತೋ ಇಲ್ಲವೋ ಬೇಡ.

ಮೊನ್ನೆ ಅಂಥದ್ದೇ ಒಂದು ಪಂದ್ಯ ನೋಡುತ್ತಾ ಕೂತಿದ್ದೆ. ಗಾಳಿ ಮಳೆ ಜೋರು. ಸರಿಯಾಗಿ ಕಾರ್ನರ್ ಹೊಡೆಯುವ ಹೊತ್ತಿಗೆ ಕರೆಂಟ್ ಹೋಯಿತು, ಅದರ ಹಿಂದೆಯೇ ನೆಟ್‌ವರ್ಕೂ ಹೋಯಿತು. ನಮ್ಮಲ್ಲಿ ಇನ್ನೂ ಲ್ಯಾಂಡ್‌ಲೈನ್ ಇದೆ. ಬೆಂಗಳೂರಿಗೆ ಫೋನ್ ಹಚ್ಚಿದೆ.

"ಕಾರ್ನರ್ ಯಾರು ಹೊಡೆದ್ರೋ?"

"ಅದನ್ನ ಯಾರು ನೋಡ್ತಾರೆ ಅಣ್ಣಯ್ಯ! ನಮ್ಮ ಹೊಸ ಹುಡುಗ ಮೂರು ಗೋಲು ಹೊಡೆದ, ಗೊತ್ತಾ? ಈಗಷ್ಟೇ ತಗೊಂಡೆ."

"ಒಳ್ಳೇದಾಯ್ತು ಮಾರಾಯ" ಅಂದೆ. ಫೋನ್ ಇಟ್ಟು, ಈ ಸಲ ಅಕ್ಕಿ ಯಾರು ನೆನೆಹಾಕಬೇಕು ಅಂತ ಚಿಮಣಿ ಬೆಳಕಿನಲ್ಲೇ ಪುಸ್ತಕದ ಮೂಲೆಯಲ್ಲಿ ಬರೆದಿಟ್ಟೆ.

ನಮಸ್ಕಾರ.