ಹಂಚಿನ ಮನೆ ರಿಪೇರಿ: ಮಾಡು ಮೊದಲು, ಕಿಟಕಿ ಆಮೇಲೆ

[ದೃಶ್ಯ: ಹಂಚು ಇಳಿಸಿದ ಮನೆ, ಬರೀ ಪಕ್ಕಾಸು]

ನಮಸ್ಕಾರ. ಕರಾವಳಿ, ಮಲೆನಾಡಿನ ಹಳೇ ಮನೆಗೆ ಮಾಡು (ಅಂದರೆ ಛಾವಣಿ), ಕಿಟಕಿ ಎರಡನ್ನೂ ಹೊಸದು ಮಾಡಿಸುವವರು ಮಾಡಿನಿಂದ ಶುರು ಮಾಡಿ. ಗೋಡೆಯ ಮೇಲಿನ ಭಾರ ಇಳಿದಾಗಲೇ ಹಳೇ ಚೌಕಟ್ಟು ಕೀಳುವುದು ಕ್ಷೇಮ. ಹೊಸ ಕಿಟಕಿ ಮಾತ್ರ ಹಂಚು ಹೊದಿಸಿದ ಮೇಲೆ ಬರಲಿ, ಇಲ್ಲದಿದ್ದರೆ ಮೇಲಿಂದ ಬೀಳುವ ಚೂರಿಗೆ ಗಾಜು ಉಳಿಯುವುದಿಲ್ಲ. ಫೆಬ್ರವರಿಯಲ್ಲಿ ಹಂಚು ಇಳಿದರೆ ಜೂನ್ ಮಳೆಗೆ ಹೆದರಬೇಕಿಲ್ಲ.

[ದೃಶ್ಯ: ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟುವುದು]

ಠಣ್ ಅಂದರೆ ಗಟ್ಟಿ. ಸದ್ದು ಮಂದವಾಗಿ ಬಂದರೆ ಕಣ್ಣಿಗೆ ಕಾಣದ ಬಿರುಕಿದೆ, ಪಕ್ಕಕ್ಕಿಡಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ನೋಡಲು ಎಲ್ಲಾ ಒಂದೇ, ಆದರೆ ಒಂದರ ಗಾಡಿಗೆ (ಉದ್ದ ತೋಡಿಗೆ) ಇನ್ನೊಂದರ ಏಣು ಸರಿಯಾಗಿ ಕೂರುವುದಿಲ್ಲ. ಹಳೇ ಹಂಚನ್ನು ಮತ್ತೆ ಬಳಸುವುದಾದರೆ ಒಂದು ಇಳಿಜಾರಿಗೆ ಒಂದೇ ಕಾರ್ಖಾನೆಯ ಛಾಪಿನದ್ದು. ಬೆರೆಸಿದರೆ ಸೋರುತ್ತದೆ.

ಲೆಕ್ಕ ನೋಡಿ. 30 ಡಿಗ್ರಿ ಇಳಿಜಾರಿನಲ್ಲಿ 1,000 ಚದರಡಿ ನೆಲದ ಮೇಲಿನ ಮಾಡು ಸುಮಾರು 1,155 ಚದರಡಿ ಆಗುತ್ತದೆ. ಚದರ ಮೀಟರಿಗೆ 15ರಂತೆ ಸುಮಾರು 1,610 ಹಂಚು, ಒಡೆಯುವುದಕ್ಕೆ ನೂರಕ್ಕೆ ಐದು ಸೇರಿಸಿದರೆ 1,690. ಗೋಡೆಯಿಂದಾಚೆ ಚಾಚಿದ ಭಾಗ ಬೇರೆ. ನೆಲ ಅಳೆದು ಆರ್ಡರ್ ಕೊಟ್ಟವರು ಎರಡನೇ ಲೋಡಿಗೆ ಕಾಯುತ್ತಾರೆ, ಅದು ಬೇರೆ ಛಾಪಿನದ್ದಾಗಿ ಬಂದರೆ ಕಥೆ ಮತ್ತೆ ಮೊದಲಿಗೆ.

[ದೃಶ್ಯ: ನೆಲದ ಮೇಲೆ ಕವುಚಿಟ್ಟ 11 ಹಂಚು, ಅಳತೆ ಟೇಪು]

ಈಗ ರೀಪಿನ, ಅಂದರೆ ಹಂಚು ಕೂರುವ ಅಡ್ಡಪಟ್ಟಿಯ ಅಂತರ. ‘ಒಂದು ಅಡಿ ಹಾಕಿ ಬಿಡಿ’ ಅನ್ನುವ ಮೇಸ್ತ್ರಿಯನ್ನು ಸ್ವಲ್ಪ ತಡೆಯಿರಿ. ನಿಮ್ಮದೇ ಲೋಡಿನ 11 ಹಂಚನ್ನು ಒಂದಕ್ಕೊಂದು ಸಿಕ್ಕಿಸಿ ಸಾಲಾಗಿ ಕವುಚಿಡಿ. ಬಿಗಿಯಾಗಿ ಒತ್ತಿ, ಮೊದಲ ಹಂಚಿನ ಕೊಕ್ಕೆಯಿಂದ ಕೊನೆಯದರ ಕೊಕ್ಕೆವರೆಗೆ ಅಳೆಯಿರಿ. ಸಿಕ್ಕು ಬಿಡದಂತೆ ಹಿಗ್ಗಿಸಿ ಮತ್ತೆ ಅಳೆಯಿರಿ. ಎರಡನ್ನೂ ಕೂಡಿಸಿ 20ರಿಂದ ಭಾಗಿಸಿ, ಅಷ್ಟೇ ಅಂತರ. ಸಾಮಾನ್ಯವಾಗಿ 320 ಮಿ.ಮೀ. ಆಸುಪಾಸು ಬರುತ್ತದೆ.

ಕೆಳ ಅಂಚಿನ ಮೊದಲ ರೀಪು ಉಳಿದವಕ್ಕಿಂತ ಒಂದು ಹಂಚಿನ ದಪ್ಪದಷ್ಟು ಎತ್ತರ ಇರಲಿ. ಮೇಲಿನ ಸಾಲುಗಳಿಗೆ ಕೆಳಗಿನ ಹಂಚಿನ ಆಸರೆ ಇದೆ, ಮೊದಲ ಸಾಲಿಗೆ ಇಲ್ಲ. ಎತ್ತರ ಕೊಡದಿದ್ದರೆ ಅದರ ಮೂತಿ ಬಾಗಿ, ಎರಡನೇ ಸಾಲಿನ ಕೆಳಗೆ ಸಂದು ಬಾಯ್ಬಿಡುತ್ತದೆ. ಗಾಳಿ ನುಗ್ಗುವುದೂ ಅಲ್ಲಿಂದಲೇ, ಹಾಗಾಗಿ ಅಂಚಿನ ಸಾಲುಗಳನ್ನು ತಂತಿಯಿಂದ ಕಟ್ಟಿಸಿ. ಕಬ್ಬಿಣದ ರೀಪಾದರೆ ತುಕ್ಕು ಶುರುವಾಗುವುದು ವೆಲ್ಡಿಂಗ್ ಆದ ಜಾಗದಲ್ಲಿ. ಉಜ್ಜಿ ಜಿಂಕ್ ಪ್ರೈಮರ್ ಹೊಡೆಯದೆ ಹಂಚು ಏರಿಸಬೇಡಿ.

ಮಾಡು ಗೋಡೆಗೆ ತಾಗುವ ಕಡೆ ಬರೀ ಸಿಮೆಂಟ್ ಮೆತ್ತಿದರೆ ಅದು ಬಿಸಿಲಿಗೆ ಗೋಡೆ ಬಿಡುತ್ತದೆ. ಗೋಡೆಯಲ್ಲಿ ಗಾಡಿ ಕೊರೆದು ಅಲ್ಯೂಮಿನಿಯಂ ತಗಡು ತೂರಿಸಿ, ಹಂಚಿನ ಮೇಲಕ್ಕೆ ಮಡಚಿ.

[ದೃಶ್ಯ: ಮುರಕಲ್ಲಿನ ಗೋಡೆ, ಕಿಟಕಿಯ ಬಾಯಿ]

ಕಿಟಕಿಗೆ ಬಂದರೆ, ಚೌಕಟ್ಟು ಕೀಳುವ ಮೊದಲು ಮೇಲೆ ಲಿಂಟಲ್ (ಗೋಡೆಯ ಭಾರ ಹೊರುವ ಅಡ್ಡ ತೊಲೆ) ಇದೆಯಾ ನೋಡಿ. ಕೆಲವು ಹಳೇ ಮನೆಗಳಲ್ಲಿ ಕಲ್ಲು ಕೂತಿರುವುದೇ ಮರದ ಚೌಕಟ್ಟಿನ ಮೇಲೆ. ಲಿಂಟಲ್ ಇಲ್ಲವಾದರೆ ಊರೆ (ತಾತ್ಕಾಲಿಕ ಆಸರೆ) ಕೊಟ್ಟು, ಅದನ್ನು ಹಾಕಿಸಿ ಮುಂದುವರಿಯಿರಿ.

ಅಗಲವನ್ನು ಮೂರು ಕಡೆ, ಎತ್ತರವನ್ನು ಮೂರು ಕಡೆ ಅಳೆದು, ಒಂದೊಂದರಲ್ಲೂ ಎಲ್ಲಕ್ಕಿಂತ ಕಡಿಮೆ ಬಂದದ್ದರಲ್ಲಿ 10 ಮಿ.ಮೀ. ಕಳೆದು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿಗೆ ಆರ್ಡರ್ ಕೊಡಿ. ಸ್ಕ್ರೂ ಮೂಲೆಯಿಂದ 150 ಮಿ.ಮೀ. ಒಳಗೆ, ಆಮೇಲೆ 600 ಮಿ.ಮೀ. ಮೀರದ ಅಂತರದಲ್ಲಿ. ಸಂದಿಗೆ ಫೋಮ್ ತುಂಬಿದರೆ ಸಾಲದು, ಅದು ನೀರು ತಡೆಯುವುದಿಲ್ಲ, ಹೊರಗಡೆ ಸಿಲಿಕೋನ್ ಬೇಕು.

[ದೃಶ್ಯ: ಸ್ಲೈಡಿಂಗ್ ಕಿಟಕಿಯ ಕೆಳಪಟ್ಟಿ]

ಕೆಳಪಟ್ಟಿಯ ಈ ತೂತುಗಳು ಹೊರಗಡೆಗೇ ಇರಬೇಕು. ಹಳಿಯೊಳಗೆ ಬಿದ್ದ ಮಳೆನೀರು ಇವುಗಳಿಂದಲೇ ಆಚೆ ಹೋಗಬೇಕು. ಗಿಲಾವು ಮಾಡುವವರು ಚೊಕ್ಕ ಕಾಣಲಿ ಅಂತ ಇವನ್ನೇ ಮುಚ್ಚಿ ಬಿಡುತ್ತಾರೆ, ಜುಲೈಯಲ್ಲಿ ನೀರು ಕೋಣೆಗೆ ಇಳಿಯುತ್ತದೆ. ಹಣ ಕೊಡುವ ಮುಂಚೆ ಹಳಿಗೆ ಒಂದು ಚೊಂಬು ನೀರು ಹೊಯ್ದು, ಹೊರಗೆ ನಿಂತು ನೋಡಿ.