ಚಿನ್ನದ ಮೇಲೆ ನೀಲಿ ಹೂ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಜಪಾನಿನ ಮಡಿಸುವ ಪರದೆಗಳ ಬಗ್ಗೆ ನಾಲ್ಕು ಮಾತು. ಅಲ್ಲಿ ಇವನ್ನು ಬ್ಯೋಬು ಎನ್ನುತ್ತಾರೆ. ಮರದ ಚೌಕಟ್ಟಿಗೆ ಕಾಗದ ಅಂಟಿಸಿ ಹಲಗೆಗಳನ್ನು ಮಾಡುತ್ತಾರೆ. ಅವುಗಳ ಕೀಲು ಕೂಡ ಕಾಗದದ್ದೇ. ಗಾಳಿ ತಡೆಯಲು, ಕೋಣೆಯನ್ನು ಭಾಗ ಮಾಡಲು ನೆಲದ ಮೇಲೆ ಅಂಕುಡೊಂಕಾಗಿ ನಿಲ್ಲಿಸುತ್ತಾರೆ. ಹೆಚ್ಚಾಗಿ ಜೋಡಿ ಪರದೆಗಳು.

16ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಸೇನಾ ದೊರೆಗಳು ದೊಡ್ಡ ದೊಡ್ಡ ಕೋಟೆಗಳನ್ನು ಕಟ್ಟಿಸಿದರು. ಒಳಗೆ ಕೋಣೆಗಳಲ್ಲಿ ಬೆಳಕು ಕಡಿಮೆ. ಕಾನೊ ಐಟೊಕು ಎಂಬ ಕಲಾವಿದ ಅಲ್ಲಿ ಚಿನ್ನದ ಹಾಳೆಯ ಮೇಲೆ ಭಾರಿ ಮರಗಳನ್ನು ಬರೆದ. ದೀಪ ಹಚ್ಚಿದರೆ ಚಿನ್ನ ಆ ಬೆಳಕನ್ನು ಕೋಣೆಗೆಲ್ಲ ಹರಡುತ್ತಿತ್ತು. ದೊರೆಯ ದರ್ಪವೂ ಕಾಣುತ್ತಿತ್ತು ಅನ್ನಿ.

ಆದರೆ ನನಗೆ ಜಾಸ್ತಿ ಇಷ್ಟ, ನೂರು ವರ್ಷ ಕಳೆದ ಮೇಲೆ ಬಂದ ಒಗಾತಾ ಕೋರಿನ್. ಕ್ಯೋಟೋದ ಬಟ್ಟೆ ವ್ಯಾಪಾರಿಯ ಮಗ. ಹುಟ್ಟಿದ್ದು 1658ರಲ್ಲಿ, ತೀರಿಕೊಂಡಿದ್ದು 1716ರಲ್ಲಿ. 1700ರ ಆಸುಪಾಸಿನಲ್ಲಿ ಅವನು ಆರಾರು ಹಲಗೆಗಳ ಒಂದು ಜೋಡಿ ಪರದೆ ಮಾಡಿದ. ಅದರ ತುಂಬ ಐರಿಸ್ ಹೂಗಳು. ತಾಮ್ರದ ಖನಿಜಗಳಾದ ಅಜುರೈಟ್, ಮ್ಯಾಲಕೈಟ್ ಕಲ್ಲುಗಳನ್ನು ಅರೆದು ಮಾಡಿದ ನೀಲಿ ಮತ್ತು ಹಸಿರು. ಹಿಂದೆ ಬರೀ ಚಿನ್ನ. ಅಷ್ಟೇ!

ಇದರ ಹಿಂದೆ ಒಂದು ಹಳೆಯ ಕಥೆ ಇದೆ. ರಾಜಧಾನಿ ಬಿಟ್ಟು ಹೊರಟ ಗೆಳೆಯರ ಗುಂಪೊಂದು ಎಂಟು ಸೇತುವೆಗಳ ಜೌಗಿನ ಬಳಿ ಕೂತು ಒಣಗಿಸಿದ ಅನ್ನ ತಿನ್ನುತ್ತಿರುತ್ತದೆ. ಐರಿಸ್ ಅರಳಿದ್ದನ್ನು ಕಂಡು ಒಬ್ಬ, ಊರಲ್ಲಿ ಬಿಟ್ಟುಬಂದ ಹೆಂಡತಿಯ ನೆನಪಲ್ಲಿ ಪದ್ಯ ಹೇಳುತ್ತಾನೆ. ಎಲ್ಲರ ಕಣ್ಣೀರು ಬಿದ್ದು ಅನ್ನ ನೆನೆದು ಉಬ್ಬಿತಂತೆ!

ಕೋರಿನ್ ಇದರಲ್ಲಿ ಏನನ್ನು ಉಳಿಸಿಕೊಂಡ ನೋಡಿ. ಗಂಡಸರಿಲ್ಲ, ಸೇತುವೆ ಇಲ್ಲ, ನೀರೂ ಇಲ್ಲ. ಕಥೆ ಗೊತ್ತಿದ್ದವರಿಗೆ ಹೂವೇ ಸಾಕು. ಚಿನ್ನವನ್ನು ನೀರು ಅಂದುಕೊಳ್ಳಿ, ಬಿಸಿಲು ಅಂದುಕೊಳ್ಳಿ, ನಿಮ್ಮಿಷ್ಟ. ಮುಂದೆ ಅವನು ಸೇತುವೆ ಸೇರಿಸಿ ಇನ್ನೊಂದು ಜೋಡಿ ಬರೆದ. ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಚೆನ್ನಾಗಿದೆ, ಆದರೆ ಮೊದಲಿನದರ ಧೈರ್ಯ ಅದರಲ್ಲಿಲ್ಲ.

ಇನ್ನೊಂದು ಜಾಣತನ. ಕೆಲವು ಹೂಗೊಂಚಲುಗಳು ಪಕ್ಕದಲ್ಲೇ ಮತ್ತೆ ಹಾಗೇ ಬರುತ್ತವೆ, ಕೊರೆದ ಅಚ್ಚು ಬಳಸಿದ ಹಾಗೆ. ಬಟ್ಟೆ ಅಂಗಡಿಯ ಮನೆಯಲ್ಲಿ ಬೆಳೆದವನು, ಅಲ್ವಾ!

ಪುಸ್ತಕದಲ್ಲಿ ಈ ಚಿತ್ರವನ್ನು ಚಪ್ಪಟೆಯಾಗಿ ಅಚ್ಚು ಹಾಕುತ್ತಾರೆ. ಅರ್ಧ ಸೊಗಸು ಅಲ್ಲೇ ಹೋಯಿತು. ಪರದೆ ಮಡಿಸಿ ನಿಂತಾಗ ಒಂದು ಹಲಗೆ ಹತ್ತಿರ ಬರುತ್ತದೆ, ಪಕ್ಕದ್ದು ಹಿಂದೆ ಸರಿಯುತ್ತದೆ. ನಾವು ನಡೆದಂತೆ ಹೂಗಳು ಒತ್ತೊತ್ತಾಗುತ್ತವೆ, ಮತ್ತೆ ಬಿಡಿಯಾಗುತ್ತವೆ. ಒಂದು ಹಲಗೆಯ ಚಿನ್ನ ಹೊಳೆದರೆ ಇನ್ನೊಂದರದು ಮಂಕಾಗುತ್ತದೆ.

ಮೊದಲಿನ ಜೋಡಿ ಟೋಕಿಯೊದ ನೆಝು ಮ್ಯೂಸಿಯಮ್ಮಿನಲ್ಲಿದೆ. ಸಾಮಾನ್ಯವಾಗಿ ಏಪ್ರಿಲ್, ಮೇ ಹೊತ್ತಿಗೆ, ಅಲ್ಲಿನ ತೋಟದಲ್ಲಿ ಐರಿಸ್ ಅರಳುವಾಗ, ಹೊರಗಿಡುತ್ತಾರೆ. ಹೋಗುವ ಅವಕಾಶ ಸಿಕ್ಕರೆ ಬಲಗಡೆಯಿಂದ ಶುರು ಮಾಡಿ ಎಡಕ್ಕೆ ನಡೆಯಿರಿ. ಜಪಾನಿನವರು ಪರದೆಯನ್ನು ನೋಡುವುದು ಹಾಗೆಯೇ.

ನಮಸ್ಕಾರ.