ಪಾಚಿ ಮೇಲೆ ಜಾರಿ ಬಿದ್ದ ಮೇಲೆ

ಕೇಳುಗರಿಗೆಲ್ಲ ನಮಸ್ಕಾರ. ಮೊನ್ನೆ ಆಷಾಢದ ಮಳೆಲಿ ನಮ್ಮನೆ ಅಂಗಳದ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಅಡಿಕೆ ಸೋಗೆ ಹಾಸೋ ಅಂತ ಅಮ್ಮ ಹೇಳಿ ಒಂದು ವಾರ ಆಗಿತ್ತು, ನಾನು ಇವತ್ತು ನಾಳೆ ಅಂತ ತಳ್ತಾನೇ ಇದ್ದೆ, ಸರಿ ಬಿದ್ದಾಯ್ತು. ಸೊಂಟಕ್ಕೆ ಎಣ್ಣೆ ಹಚ್ಕೊಂಡು ಜಗಲಿ ಮೇಲೆ ಕೂತು ಆ ಪಾಚಿನೇ ನೋಡ್ತಾ ಇದ್ದೆ, ಬೇರೆ ಕೆಲಸ ಏನೂ ಮಾಡೋ ಹಾಗಿರ್ಲಿಲ್ಲ ನೋಡಿ.

ನಾವು ಕೆರೆ ನೀರಿನ ಮೇಲಿರೋದಕ್ಕೂ ಪಾಚಿ ಅಂತೀವಿ, ಕಾಂಪೌಂಡ್ ಮೇಲೆ ಮಖಮಲ್ ಥರ ಕೂತಿರೋದಕ್ಕೂ ಪಾಚಿ ಅಂತೀವಿ. ಎರಡೂ ಬೇರೆ, ನೀರಿಂದು ಆಲ್ಗೆ, ಗೋಡೆದು ಮಾಸ್. ಆದ್ರೆ ಈ ಒಂದೇ ಹೆಸರಿನಲ್ಲಿ ಒಂದು ನಿಜ ಇದೆ, ಯಾಕಂದ್ರೆ ನೆಲದ ಮೇಲಿರೋ ಗಿಡ ಮರ ಅಷ್ಟೂ ಬಂದಿದ್ದು ಸಿಹಿನೀರಿನ ಒಂದು ಹಸಿರು ಪಾಚಿ ವಂಶದಿಂದ, ಸುಮಾರು 47 ಕೋಟಿ ವರ್ಷದ ಹಿಂದೆ. ಅದಕ್ಕೂ ಮೊದ್ಲು ನೆಲ ಅಂದ್ರೆ ಹೆಚ್ಚುಕಮ್ಮಿ ಬೋಳು ಬಂಡೆ. ನಮ್ಮ ಶಿವಮೊಗ್ಗದ ಕಲ್ಲುಗಳು ಅದಕ್ಕಿಂತ ಎಷ್ಟೋ ಹಳೇವು, ಕುಂಸಿ ಕಡೆ ಸಿಗೋ ಪದರಪದರದ ಕಲ್ಲು ಸುಮಾರು 260 ಕೋಟಿ ವರ್ಷದ ಹಿಂದೆ ಸಮುದ್ರದ ಅಂಚಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ್ದು. ಹಾಗಾಗಿ ಇಲ್ಲಿ ಎಷ್ಟು ಆಳ ಅಗೆದ್ರೂ ಕಲ್ಲಿದ್ದಲು ಸಿಗಲ್ಲ. ಆ ಕಲ್ಲು ಹುಟ್ಟಿದಾಗ ಇದ್ದಲಾಗೋಕೆ ಮರಾನೇ ಇರ್ಲಿಲ್ಲ. ಭದ್ರಾವತಿಲಿ ಕಬ್ಬಿಣದ ಕುಲುಮೆ ಶುರುವಾದಾಗ ಮಲೆನಾಡಿನ ಕಾಡು ಕಡಿದು ಸೌದೆ ಇದ್ದಲು ಸುಟ್ಟಿದ್ದು ಇದಕ್ಕೇ.

ನೀರು ಬಿಟ್ಟು ಬಂದವರಿಗೆ ಒಂದೇ ಕಷ್ಟ, ಒಣಗೋದು. ಮೆಟ್ಟಿಲ ಮೇಲಿನ ಪಾಚಿ ಅದಕ್ಕೆ ಒಂದು ದಾರಿ ಕಂಡ್ಕೊಂಡಿದೆ: ಒಣಗಿದ್ರೆ ಒಣಗ್ಲಿ ಬಿಡು ಅಂತ. ಏಪ್ರಿಲ್‌ನಲ್ಲಿ ನೋಡಿ, ತೆಂಗಿನ ನಾರಿನ ಥರ ಕಂದಾಗಿರುತ್ತೆ, ಒಂದು ಮುಂಗಾರು ಮಳೆ ಬಿತ್ತೋ, ಮತ್ತೆ ಹಸಿರು. ಸರಿಯಾದ ಬೇರಿಲ್ಲ, ಒಳಗೆ ಪೈಪಿಲ್ಲ, ಮೈಯೆಲ್ಲ ನೀರು ಕುಡಿಯುತ್ತೆ. ಅದಕ್ಕೇ ಬೆರಳುದ್ದಕ್ಕಿಂತ ಮೇಲೇಳೋದು ಕಷ್ಟ. ಸಂತಾನಕ್ಕೂ ನೀರೇ ಬೇಕು, ಗಂಡುಕಣ ನೀರಿನ ತೆಳು ಪದರದಲ್ಲಿ ಈಜಿಕೊಂಡೇ ಹೆಣ್ಣಿನ ಹತ್ರ ಹೋಗ್ಬೇಕು.

ಇನ್ನೊಂದು ದಾರಿ ಹಿಡಿದವು ಮೈಗೆ ಮೇಣ ಹಚ್ಕೊಂಡ್ವು, ಉಸಿರಾಡೋಕೆ ಸಣ್ಣ ಸಣ್ಣ ತೂತು ಇಟ್ಕೊಂಡ್ವು, ಒಳಗೆ ನೀರಿನ ಕೊಳವೆ ಎಳೆದ್ವು. ಸ್ಕಾಟ್ಲೆಂಡಿನ ರೈನಿ ಅನ್ನೋ ಹಳ್ಳಿಲಿ 1912ರಲ್ಲಿ ವಿಲಿಯಂ ಮ್ಯಾಕಿ ಅಂತ ಒಬ್ಬ ಡಾಕ್ಟ್ರು ಕಲ್ಲುಗೋಡೆಯ ಕಲ್ಲುಗಳಲ್ಲಿ ಇಂಥ ಗಿಡಗಳನ್ನ ನೋಡಿದ್ರು. ಸುಮಾರು 41 ಕೋಟಿ ವರ್ಷದ ಹಿಂದೆ ಬಿಸಿನೀರಿನ ಬುಗ್ಗೆ ಪಕ್ಕ ಬೆಳೆದು ಹಾಗೇ ಕಲ್ಲಾದವು. ಕಲ್ಲನ್ನ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿಟ್ರೆ ಜೀವಕೋಶಾನೂ ಕಾಣುತ್ತೆ, ಆ ಕೋಶದೊಳಗೆ ಕವಲೊಡೆದು ಕೂತಿರೋ ಶಿಲೀಂಧ್ರಾನೂ, ಅಂದ್ರೆ ಬೂಸ್ಟಿನ ಜಾತಿದೂ, ಕಾಣುತ್ತೆ. ಸರಿಯಾದ ಬೇರೇ ಇಲ್ಲದ ಗಿಡಕ್ಕೆ ಮಣ್ಣಿನ ರಂಜಕ (ಫಾಸ್ಫರಸ್) ತಂದುಕೊಡ್ತಿದ್ದಿದ್ದು ಅದು. ನಾವು ಬೂಸ್ಟು ಅಂದ್ರೆ ಅಡಿಕೆಯ ಕೊಳೆರೋಗಾನೇ ನೆನಪು ಮಾಡ್ಕೊಂಡು ಬೋರ್ಡೋ ಔಷಧಿ ಸ್ಪ್ರೇ ಕಡೆ ಓಡ್ತೀವಿ, ಪಾಪ.

ಕೊಳವೆ ಬಂದ ಮೇಲೆ ಎತ್ತರಕ್ಕೆ ಪೈಪೋಟಿ. ತೋಟಕ್ಕೆ ನೀರು ಹತ್ಸೋಕೆ ನಮಗೆ ಮೋಟಾರ್ ಬೇಕು, ಕರೆಂಟ್ ಹೋದ್ರೆ ಮುಗೀತು ಕಥೆ. ಮರಕ್ಕೆ ಅದಿಲ್ಲ, ಎಲೆಯಿಂದ ನೀರು ಆವಿಯಾಗ್ತಾ ಹೋದಂಗೆ ಕೆಳಗಿನ ನೀರು ಎಳೆ ಕಡಿಯದೆ ಮೇಲೆ ಬರುತ್ತೆ, ಆ ಎಳೆತಕ್ಕೆ ಕೊಳವೆ ಚಪ್ಪಟೆ ಆಗದಂಗೆ ಗೋಡೆಗೆ ಲಿಗ್ನಿನ್ ಅನ್ನೋ ಗಟ್ಟಿ ಪದಾರ್ಥ ಮೆತ್ತಿರುತ್ತೆ. ಆಗುಂಬೆ ಘಾಟಿಲಿ ದರೆ ಮೇಲೆ ಹರಡಿರೋ ಸೆಲಾಜಿನೆಲ್ಲಾ ಅನ್ನೋ ಸಣ್ಣ ಗಿಡ ನೋಡಿದೀರಲ್ಲ, ಗೇಣುದ್ದ ಇರುತ್ತೆ. ಅದರ ದೂರದ ನೆಂಟ ಲೆಪಿಡೋಡೆಂಡ್ರಾನ್ ಸುಮಾರು 31 ಕೋಟಿ ವರ್ಷದ ಹಿಂದೆ 30 ಮೀಟರ್ ದಾಟಿ ಬೆಳೀತಿತ್ತು, ಕೊನೆಗಾರ ಹತ್ತೋ ಅಡಿಕೆ ಮರ ಎರಡನ್ನ ಒಂದರ ಮೇಲೊಂದು ನಿಲ್ಲಿಸಿದಂಗೆ. ಯುರೋಪ್ ಅಮೆರಿಕದ ಕಲ್ಲಿದ್ದಲಲ್ಲಿ ಬಹಳಷ್ಟು ಇಂಥವೇ.

ನಮ್ಮ ದೇಶದ ಕಲ್ಲಿದ್ದಲು ಆಮೇಲಿಂದು, ಗ್ಲಾಸಾಪ್ಟೆರಿಸ್ ಅನ್ನೋ ಬೀಜದ ಮರದ್ದು ಮುಖ್ಯವಾಗಿ. ನಾಲಗೆ ಥರದ ಎಲೆ. ಜೋಗದ ಕರೆಂಟ್ ನೀರಿಂದು, ರಾಯಚೂರಿನ ಕರೆಂಟ್ ಈ ಮರದ್ದು ಅನ್ನಿ. 1912ರಲ್ಲಿ ದಕ್ಷಿಣ ಧ್ರುವದಿಂದ ವಾಪಸ್ ಬರ್ತಾ ಕ್ಯಾಪ್ಟನ್ ಸ್ಕಾಟ್ ಮತ್ತೆ ಜೊತೆಯವರು ಹಸಿವು ಚಳಿಯಿಂದ ಸತ್ರಲ್ಲ, ಅವರ ಸಾಮಾನಿನ ಜೊತೆ ಸುಮಾರು 16 ಕೆಜಿ ಕಲ್ಲು ಸಿಕ್ತು. ನಡೆಯೋಕಾಗದ ಸ್ಥಿತಿಲೂ ಅದನ್ನ ಎಸೆದಿರ್ಲಿಲ್ಲ. ಅದರಲ್ಲಿ ಇದೇ ಗ್ಲಾಸಾಪ್ಟೆರಿಸ್ ಎಲೆಯ ಅಚ್ಚು ಇತ್ತು. ಈಗ ಹಿಮ ಮುಚ್ಚಿರೋ ಅಂಟಾರ್ಟಿಕಾ, ನಮ್ಮ ಭಾರತ, ಆಫ್ರಿಕಾ, ಆಸ್ಟ್ರೇಲಿಯಾ ಎಲ್ಲ ಒಂದೇ ನೆಲ ಆಗಿದ್ವು ಅನ್ನೋದಕ್ಕೆ ಆ ಎಲೆ ದೊಡ್ಡ ಸಾಕ್ಷಿ ಆಯ್ತು. ನಾನಾಗಿದ್ರೆ ಮೊದಲನೇ ದಿನಾನೇ ಎಸೀತಿದ್ದೆ.

ತೋಟದ ಕಾಲುವೆ ಬದಿ ಜರೀಗಿಡ ಇನ್ನೂ ಹಳೇ ಪದ್ಧತಿಲೇ ಇದೆ, ಕೊಳವೆ ಉಂಟು, ಆದ್ರೆ ಗಂಡುಕಣ ಈಜಲೇಬೇಕು. (ಸಣ್ಣವರಿದ್ದಾಗ ಬೆಳ್ಳಿ ಜರಿ ಕೈ ಮೇಲೆ ಒತ್ತಿ ಬಿಳಿ ಅಚ್ಚು ಹಾಕ್ಕೋತಿದ್ವಲ್ಲ, ಅದು ಜರೀಗಿಡ ಬೀಜದ ಬದ್ಲು ಉದುರಿಸೋ ಬೀಜಕ ಅಲ್ಲ, ಎಲೆನೇ ಸುರಿಸೋ ಪುಡಿ.) ಬೀಜದ ಗಿಡಗಳು ಗಾಳಿಲಿ ಪರಾಗ ತೂರಿ ಈ ಈಜಿನ ತಾಪತ್ರಯದಿಂದ ಬಿಡಿಸ್ಕೊಂಡ್ವು. ಪೂರ್ತಿ ಅಲ್ಲ, ಸೈಕಾಸ್ ಅನ್ನೋ ಬೀಜದ ಗಿಡದಲ್ಲಿ ಪರಾಗ ಗಾಳಿಲೋ ಹುಳದ ಮೈಲೋ ಬಂದ್ರೂ ಕೊನೇ ಹೆಜ್ಜೆ ಇವತ್ತಿಗೂ ಈಜೇ, ಜಪಾನಿನ ಇಕೆನೊ 1896ರಲ್ಲಿ ಅದನ್ನ ಕಂಡರು.

ಹೂವು ಬಂದಿದ್ದು ತೀರಾ ಈಚೆಗೆ, ನಮಗೆ ಸಿಕ್ಕಿರೋ ಗಟ್ಟಿ ಸಾಕ್ಷಿ ಸುಮಾರು 13 ಕೋಟಿ ವರ್ಷದ್ದು. ಅಷ್ಟು ಬೇಗ ಹೇಗೆ ಹರಡಿದ್ವು ಅಂತ ಡಾರ್ವಿನ್ 1879ರಲ್ಲಿ ಗೆಳೆಯ ಹೂಕರ್‌ಗೆ ಕಾಗದ ಬರೆದು ತಲೆ ಚಚ್ಕೊಂಡಿದ್ರು. ಹುಲ್ಲೂ ಆ ಗುಂಪಿಂದೇ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಡೈನೋಸಾರ್ ಸಗಣಿ ಕಲ್ಲಿನಲ್ಲಿ ಹುಲ್ಲಿನ ಕಣ ಇದೆ ಅಂತ 2005ರಲ್ಲಿ ಗೊತ್ತಾಯ್ತು, ಭತ್ತದ ನೆಂಟರದ್ದೂ ಸೇರಿ.

ನಮ್ಮನೆ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಅನ್ನೋ ಆರ್ಕಿಡ್ ಇದೆ. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಅಂತ ಏನೂ ಇಲ್ಲ. ತೊಗಟೆ ಮೇಲೆ ಬಿದ್ದಾಗ ಸರಿಯಾದ ಶಿಲೀಂಧ್ರ ಒಂದು ಒಳಹೊಕ್ಕು ಉಣಿಸಿದ್ರೆ ಮಾತ್ರ ಮೊಳಕೆ ಬರುತ್ತೆ, ಇಲ್ಲಾಂದ್ರೆ ಇಲ್ಲ. ರೈನಿಯ ಕಲ್ಲಿನಲ್ಲಿರೋದು ಬೇರೆ ಶಿಲೀಂಧ್ರ, ವ್ಯವಹಾರ ಮಾತ್ರ ಹೆಚ್ಚುಕಮ್ಮಿ ಅದೇ. ಈ ವರ್ಷದ ಹೂವು ಉದುರಿ ಆಯ್ತು, ಈಗ ಕಾಯಿ ಕಟ್ಟಿದೆ. ನಮಸ್ಕಾರ.